ಕೈಕೆಲಸ ಕಲಿಯೋಕೂ ಬಸ್ಸು ಬೇಕು ಸ್ವಾಮಿ!

ಹತ್ತಾರು ಹೈಸ್ಕೂಲಿಗೊಂದು ತರಬೇತಿ ಕೇಂದ್ರ: ಯೋಜನೆ ಭೇಷ್, ಮಕ್ಕಳು ಅಲ್ಲಿಗೆ ಹೋಗೋದು ಹೇಗೆ?

ತುಮಕೂರು: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಮಂಡಿಪೇಟೆಯ ಅಂಗಡಿಗಳಲ್ಲಿ, ಬಸ್ ಸ್ಟ್ಯಾಂಡಿನ ಬೆಂಚುಗಳ ಮೇಲೆ ಕೇಳಿಬರುವ ಮಾತು ಒಂದೇ: ‘ಹುಡುಗನ್ನ ಮುಂದೆ ಏನ್ ಮಾಡಿಸ್ತೀರಿ?’ ತೊಂಬತ್ತು ಪರ್ಸೆಂಟ್ ತೆಗೆದವನ ಮನೆಯಲ್ಲಿ ಈ ಪ್ರಶ್ನೆಯೇ ಇಲ್ಲ. ಸೈನ್ಸು, ಸಿ.ಇ.ಟಿ., ಬೆಂಗಳೂರು ಅಂತ ದಾರಿ ಹಾಕಿಟ್ಟಾಗಿದೆ. ಫೇಲಾದವನಿಗೆ ಮರುಪರೀಕ್ಷೆ ಇದೆ. ತ್ರಿಶಂಕು ಸ್ವರ್ಗದಲ್ಲಿ ನೇತಾಡುವವನು ನಡುವಿನ ಹುಡುಗ. ನಲವತ್ತೈದೋ ಐವತ್ತೋ ತೆಗೆದು ಪಾಸಾಗಿದ್ದಾನೆ. ಪಿ.ಯು.ಸಿ. ಅಂದರೆ ಮನಸ್ಸಿಲ್ಲ, ಕೆಲಸ ಅಂದರೆ ಕೈಯಲ್ಲಿ ಕಸುಬಿಲ್ಲ. ಅಪ್ಪ ಬೈತಾನೆ, ಅಮ್ಮ ಅಳ್ತಾಳೆ, ಹುಡುಗ ಮೊಬೈಲು ಹಿಡಿದು ಮೂಲೆ ಸೇರ್ತಾನೆ.

ಕಸುಬು ಕಲಿಸೋದನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ಶುರುಮಾಡಿದರೆ ತಡವಾಯಿತು, ಹೈಸ್ಕೂಲಿನಲ್ಲೇ ಕೈಗೆ ಕೆಲಸದ ರುಚಿ ಹತ್ತಿಸಬೇಕು ಎಂದು ದೊಡ್ಡವರು ಹೇಳುತ್ತಾ ಬಂದು ಬಹಳ ಕಾಲವಾಯಿತು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮೂಲಶಿಕ್ಷಣದ ಮಾತಾಡಿದರು. 1952-53ರಲ್ಲಿ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆ ಬೇಕೆಂದಿತು. 1966ರಲ್ಲಿ ಕೊಠಾರಿ ಆಯೋಗ ಅದನ್ನೇ ಇನ್ನೂ ಒತ್ತಿ ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಹತ್ತನೇ ತರಗತಿ ಮುಗಿಸಿ ಮುಂದಕ್ಕೆ ಹೋಗುವವರಲ್ಲಿ 1990ರ ಹೊತ್ತಿಗೆ ಶೇ. 10, 1995ರ ಹೊತ್ತಿಗೆ ಶೇ. 25 ಮಂದಿ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದು ಲೆಕ್ಕ ಹಾಕಿಕೊಟ್ಟಿತು. ಲೆಕ್ಕ ಕಾಗದದಲ್ಲೇ ಉಳಿಯಿತು.

2020ರ ನೀತಿ ಗುರಿಯನ್ನು ಇನ್ನೂ ಮೇಲಕ್ಕೆ ಏರಿಸಿತು. 2025ರ ಹೊತ್ತಿಗೆ ಶಾಲೆ-ಕಾಲೇಜುಗಳ ಅರ್ಧದಷ್ಟು ಮಕ್ಕಳಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತು. ಆ ವರ್ಷವೂ ಬಂತು. ಅದೇ ನೀತಿಯ ಪುಸ್ತಕದಲ್ಲಿ ಇನ್ನೊಂದು ಅಂಕಿ ಇದೆ. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮವಾಗಿ ಕಸುಬಿನ ಶಿಕ್ಷಣ ಪಡೆದವರು ಭಾರತದಲ್ಲಿ ಶೇ. 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಹನ್ನೆರಡನೇ ಪಂಚವಾರ್ಷಿಕ ಯೋಜನೆಯವರು ಮಾಡಿದ್ದ ಅಂದಾಜು ಇದು.

ಜೆ.ಓ.ಸಿ. ಹೋದ ದಾರಿ

ಕರ್ನಾಟಕ ಏನೂ ಮಾಡಲಿಲ್ಲ ಅನ್ನೋಹಾಗಿಲ್ಲ. ಎಂಟರಿಂದ ಹತ್ತನೇ ತರಗತಿವರೆಗೆ ಪಾಠದ ಜೊತೆ ವರ್ಕ್‌ಶಾಪ್ ಕೆಲಸವನ್ನೂ ಕಲಿಸುವ ಜೂನಿಯರ್ ಟೆಕ್ನಿಕಲ್ ಸ್ಕೂಲುಗಳನ್ನು ಈ ರಾಜ್ಯ ಕಂಡಿದೆ. ಆದರೆ ಅವು ಬೆರಳೆಣಿಕೆ. ಎಪ್ಪತ್ತರ ದಶಕದ ಕೊನೆಗೆ ಪಿ.ಯು. ಮಟ್ಟದಲ್ಲಿ ಬಂದದ್ದು ಉದ್ಯೋಗಾಧಾರಿತ ಕೋರ್ಸು, ಜನರ ಬಾಯಲ್ಲಿ ಜೆ.ಓ.ಸಿ. ಲ್ಯಾಬ್ ಟೆಕ್ನಿಷಿಯನ್, ರೇಷ್ಮೆ, ವೈರಿಂಗ್, ಹೊಲಿಗೆ ಇತ್ಯಾದಿ ಕಲಿಸಿದರು. ಇವತ್ತು ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹಿರಿಯರನ್ನು ವಿಚಾರಿಸಿ ನೋಡಿ, ಜೆ.ಓ.ಸಿ. ಮಾಡಿದವರು ಸಿಕ್ಕೇ ಸಿಗ್ತಾರೆ.

ಅಂಥ ಕೋರ್ಸು ಯಾಕೆ ನಿಂತುಹೋಯಿತು? ಕಲಿಸುವ ಮೇಷ್ಟ್ರುಗಳೆಲ್ಲ ಅರೆಕಾಲಿಕ. ಇವತ್ತು ಕಾಯಂ ಆಗುತ್ತೆ, ನಾಳೆ ಕಾಯಂ ಆಗುತ್ತೆ ಅಂತ ಕಾಯ್ದವರ ತಲೆಕೂದಲು ಬೆಳ್ಳಗಾಯಿತು. ಕೊನೆಗೆ ಆ ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಮೇಷ್ಟ್ರಿಗೆ ಒಂದು ನೆಲೆ ಸಿಕ್ಕಿತು, ಕೋರ್ಸಿಗೆ ಬಾಗಿಲು ಬಿತ್ತು. ಈ ಪಾಠ ನೆನಪಿನಲ್ಲಿರಬೇಕು. ಏಕೆಂದರೆ ಹೊಸ ಯೋಜನೆಯೂ ಅದೇ ಹಳ್ಳಕ್ಕೆ ಬೀಳುವ ಸೂಚನೆಗಳುಂಟು.

ಹೊಸ ಯೋಜನೆ ಏನು?

2013ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅಂತ ಹೊರಡಿಸಿತು. ಇಂಗ್ಲಿಷಿನ ಮೊದಲಕ್ಷರ ಹಿಡಿದು ಶಾಲೆಗಳಲ್ಲಿ ಇದನ್ನು ಎನ್.ಎಸ್.ಕ್ಯೂ.ಎಫ್. ಅಂತಾರೆ. ಒಂಬತ್ತನೇ ತರಗತಿ ಮೊದಲ ಮೆಟ್ಟಿಲು, ಹತ್ತನೆಯದು ಎರಡನೆಯದು, ಹನ್ನೊಂದು-ಹನ್ನೆರಡು ಮೂರು-ನಾಲ್ಕನೆಯದು. ಕರ್ನಾಟಕದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಮೂರನೇ ಭಾಷೆಯ ಜಾಗದಲ್ಲಿ ಈ ವಿಷಯ ಆರಿಸಿಕೊಳ್ಳುವ ಅವಕಾಶ ಬಂತು. ಆಟೋಮೊಬೈಲ್, ಐ.ಟಿ., ಆರೋಗ್ಯ ಸೇವೆ, ಅಂಗಡಿ ವ್ಯಾಪಾರ, ಬ್ಯೂಟಿ ಪಾರ್ಲರ್ ಕೆಲಸ, ಹೀಗೆ. ಹೌದು, ಅಂಗಡಿ ವ್ಯಾಪಾರವೂ ಒಂದು ಸಬ್ಜೆಕ್ಟು! ಗಿರಾಕಿ ಜೊತೆ ಹೇಗೆ ಮಾತಾಡಬೇಕು, ಸ್ಟಾಕು ಹೇಗೆ ಬರೆದಿಡಬೇಕು ಅನ್ನೋದನ್ನು ಪುಸ್ತಕದಲ್ಲಿ ಹಾಕಿದ್ದಾರೆ. ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಬೆಳೆದ ಶೆಟ್ಟರ ಮಕ್ಕಳಿಗೆ ಇದು ನಗು ತರಿಸೀತು. ಆದರೆ ಕೂಲಿಯವನ ಮಗಳಿಗೆ ಅದನ್ನು ಯಾರು ಹೇಳಿಕೊಟ್ಟಾರು?

ತೊಡಕು ಇರೋದು ಸಾಮಾನಿನಲ್ಲಿ. ಐ.ಟಿ. ಅಂದರೆ ಕಂಪ್ಯೂಟರು ಬೇಕು. ಆಟೋಮೊಬೈಲ್ ಅಂದರೆ ಬಿಚ್ಚಿ ಜೋಡಿಸೋಕೆ ಇಂಜಿನ್ನು ಬೇಕು. ವೆಲ್ಡಿಂಗು, ಲೇತು ಅಂದರೆ ಶೆಡ್ಡು ಬೇಕು, ತ್ರೀ ಫೇಸ್ ಕರೆಂಟು ಬೇಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕು, ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಬೇಕು. ನೂರು ಮಕ್ಕಳಿರುವ ಹಳ್ಳಿ ಹೈಸ್ಕೂಲಿಗೆ ಇಷ್ಟೆಲ್ಲ ಕೊಟ್ಟರೆ ವಾರದಲ್ಲಿ ನಾಲ್ಕು ಪೀರಿಯಡ್ ಬಳಕೆ, ಉಳಿದ ಹೊತ್ತು ತುಕ್ಕು.

ಅದಕ್ಕೇ ಸುತ್ತಲಿನ ಶಾಲೆಗಳಿಗೆಲ್ಲ ಸೇರಿ ಒಂದು ಕೇಂದ್ರ ಎಂಬ ಆಲೋಚನೆ. ಬಂಡಿ ಚಕ್ರದ ಗುಂಬ ಒಂದು, ಅರೆಗಾಲು ಹಲವು. ಕೌಶಲದ ಲ್ಯಾಬನ್ನು ಒಂದು ಶಾಲೆಯಲ್ಲಿ ಮಾಡಿ, ಅಕ್ಕಪಕ್ಕದ ಶಾಲೆಗಳೂ ಬಳಸಲಿ ಎಂದು 2020ರ ನೀತಿಯೇ ಹೇಳಿದೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ ಆರು ದಿನ, ದಿನಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತಂಡ. ಒಟ್ಟು ಹನ್ನೆರಡು ತಂಡ. ತಂಡಕ್ಕೆ ಇಪ್ಪತ್ತು ಮಕ್ಕಳೆಂದರೆ 240 ಆಯಿತು. ಆರು ಹೈಸ್ಕೂಲುಗಳ ಒಂಬತ್ತು, ಹತ್ತನೇ ತರಗತಿಯವರು ಒಂದೇ ಲೇತಿನಲ್ಲಿ, ಒಂದೇ ಶೆಡ್ಡಿನಲ್ಲಿ ಕಲಿತ ಹಾಗಾಯಿತು.

ಇದು ಹಗಲುಗನಸಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಲವು ಶಾಲಾ ಜಿಲ್ಲೆಗಳು ಖರ್ಚು ಹಂಚಿಕೊಂಡು ಇಂಥ ಪ್ರಾದೇಶಿಕ ಕೇಂದ್ರ ನಡೆಸುವ ಏರ್ಪಾಡಿಗೆ 1948ರಲ್ಲೇ ಕಾನೂನು ಬಂತು. ‘ಬೋಸೀಸ್’ ಎಂಬ ಹೆಸರಿನ ಈ ಸಹಕಾರ ಮಂಡಳಿಗಳು ಈಗ 37 ಇವೆ. ಹುಡುಗರು ಅರ್ಧ ದಿನ ತಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷು, ಗಣಿತ ಓದ್ತಾರೆ, ಉಳಿದರ್ಧ ದಿನ ಕೇಂದ್ರದಲ್ಲಿ ಕಾರು ರಿಪೇರಿ, ಮರಗೆಲಸ, ಅಡುಗೆ, ನರ್ಸಿಂಗ್ ಸಹಾಯಕರ ಕೆಲಸ ಕಲೀತಾರೆ. ನಡುವೆ ಸ್ಕೂಲ್ ಬಸ್ಸು ಕರೆದುಕೊಂಡು ಹೋಗಿ ಬಿಡುತ್ತೆ. ಆ ಏರ್ಪಾಡು ಇಷ್ಟು ವರ್ಷ ನಡೆದುಬಂದದ್ದರಲ್ಲಿ ಆ ಬಸ್ಸಿನ ಪಾಲೂ ಇದೆ.

ಪಾಸಿನಲ್ಲಿ ಬರೆದದ್ದು ಒಂದೇ ದಾರಿ

ತುಮಕೂರು ಜಿಲ್ಲೆಯ ಕಥೆ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಹತ್ತು ತಾಲ್ಲೂಕು, ತುಮಕೂರು-ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆ. ಪಾವಗಡವಂತೂ ಆಂಧ್ರದ ನಡುವೆ ಹೋಗಿ ಕೂತಿದೆ. ವಿದ್ಯಾರ್ಥಿಗಳ ಬಸ್ ಪಾಸಿನಲ್ಲಿ ಬರೆಯೋದು ಮನೆಯಿಂದ ಶಾಲೆಯ ದಾರಿ. ಶಾಲೆಯಿಂದ ತರಬೇತಿ ಕೇಂದ್ರಕ್ಕೆ ಹೋಗುವ ದಾರಿ ಅದರಲ್ಲಿಲ್ಲ. ಕಂಡಕ್ಟರ್ ಟಿಕೆಟ್ ತಗೋ ಅಂದರೆ ಅವರದೂ ತಪ್ಪಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದದ್ದರಿಂದ ಹೆಣ್ಣುಮಕ್ಕಳಿಗೆ ಈ ಚಿಂತೆ ತಪ್ಪಿತು. ಗಂಡುಹುಡುಗ ಮಾತ್ರ ಜೇಬು ತಡಕಬೇಕು.

ದುಡ್ಡು ಕೊಟ್ಟರೂ ಬಸ್ಸು ಬೇಕಲ್ಲ? ಹಳ್ಳಿ ದಾರಿಗಳಲ್ಲಿ ಬಸ್ಸು ಬೆಳಿಗ್ಗೆ, ಸಂಜೆ. ಮಧ್ಯಾಹ್ನ ಒಂದು ಗಂಟೆಗೆ ಇಪ್ಪತ್ತು ಮಕ್ಕಳನ್ನು ಕರೆದುಕೊಂಡು ಹೊರಟ ಮೇಷ್ಟ್ರು ರಸ್ತೆ ಬದಿಯ ಮರದಡಿ ನಿಂತು ಕಾಯಬೇಕು. ಕಾಯುವ ಹೊತ್ತು ಕಲಿಯುವ ಹೊತ್ತನ್ನು ನುಂಗಿಬಿಡುತ್ತೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಕೇಂದ್ರದ ದಿನವನ್ನು ಅರ್ಧ ದಿನದ ಬದಲು ಹದಿನೈದು ದಿನಕ್ಕೊಮ್ಮೆ ಇಡೀ ದಿನ ಮಾಡಿದರೆ ಹುಡುಗ ಮನೆಯಿಂದ ನೇರ ಕೇಂದ್ರಕ್ಕೇ ಹೋಗಬಹುದು, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ತಂಡದ ಲೆಕ್ಕ ಹಾಗೇ ಕೂರುತ್ತೆ. ಪಾಸಿನ ಮೇಲೆ ಇನ್ನೊಂದು ಊರಿನ ಹೆಸರು ಸೇರಿಸಲು ಬೇಕಾದದ್ದು ಸಾರಿಗೆಯವರೂ ಶಿಕ್ಷಣ ಇಲಾಖೆಯವರೂ ಕೂತು ಮಾತಾಡುವ ಒಂದು ಮಧ್ಯಾಹ್ನ. ಇನ್ನು ಕೇಂದ್ರವನ್ನು ಬಸ್ಸು ನಿಲ್ಲುವ ಕಡೆ ಮಾಡಬೇಕು. ಊರಾಚೆ ಪುಕ್ಕಟೆ ಜಾಗ ಸಿಕ್ಕಿತೆಂದು ಗೋಮಾಳದಲ್ಲಿ ಕಟ್ಟಿದರೆ ಉದ್ಘಾಟನೆಯ ದಿನ ಬಿಟ್ಟು ಮತ್ತೆ ಜನ ಕಾಣೋದು ಕಷ್ಟ.

ಕಟ್ಟಡ ಇದೆ, ಬಾಗಿಲು ತೆಗೆಯಬೇಕು

ನಿಜ ಹೇಳಬೇಕೆಂದರೆ ಹೊಸ ಕಟ್ಟಡದ ಮಾತೇ ಬೇಡ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಮತ್ತಿತರ ಕಂಪನಿಗಳ ಜೊತೆ ಸೇರಿ 4,600 ಕೋಟಿ ರೂಪಾಯಿಗೂ ಮೇಲ್ಪಟ್ಟ ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಿ, 2022ರ ಜೂನ್ 20ರಂದು ಪ್ರಧಾನಿಯವರಿಂದ ಲೋಕಾರ್ಪಣೆ ಮಾಡಿಸಿದ್ದಾಯಿತು. ಐ.ಟಿ.ಐ. ಹುಡುಗರು ಬಳಸಿ ಉಳಿದ ಹೊತ್ತಿನಲ್ಲಿ ಆ ಯಂತ್ರಗಳ ಮುಂದೆ ಹೈಸ್ಕೂಲು ಮಕ್ಕಳು ನಿಂತರೆ ಯಾರ ಗಂಟು ಹೋಗುತ್ತೆ? ಶಾಲೆಗಳು ಐ.ಟಿ.ಐ. ಜೊತೆ ಕೈಜೋಡಿಸಲಿ ಎಂಬುದು ನೀತಿಯಲ್ಲೂ ಇದೆ. ಆದರೆ ಹೈಸ್ಕೂಲು ಒಂದು ಇಲಾಖೆಯದು, ಐ.ಟಿ.ಐ. ಇನ್ನೊಂದು ಇಲಾಖೆಯದು. ಎರಡು ಇಲಾಖೆ ನಡುವಿನ ಗೋಡೆ ಒಡೆಯೋಕೆ ಯಾವ ಲೇತೂ ಸಾಲದು.

ಮೇಷ್ಟ್ರ ವಿಚಾರ ಇನ್ನೂ ಸೂಕ್ಷ್ಮ. ಶಾಲೆಗಳ ಈ ಕೌಶಲ ವಿಷಯಕ್ಕೆ ತರಬೇತುದಾರರನ್ನು ಹೊರಗಿನ ಸಂಸ್ಥೆಗಳ ಮೂಲಕ ಗುತ್ತಿಗೆಯಲ್ಲಿ ತೆಗೆದುಕೊಳ್ಳುವ ಪದ್ಧತಿ ಬಂದಿದೆ. ಗುತ್ತಿಗೆ ಮುಗಿದರೆ ಬರುವ ಜೂನ್‌ಗೆ ಮೇಷ್ಟ್ರು ಯಾರೋ! ಗಣಿತದ ಪಾಠವನ್ನು ಪುಸ್ತಕ ನೋಡಿ ಹೇಗೋ ದಾಟಿಸಬಹುದು. ಅರ ಹಿಡಿದು ಕಬ್ಬಿಣದ ತುಂಡನ್ನು ಚಪ್ಪಟೆಯಾಗಿ ಉಜ್ಜೋದನ್ನು ಪುಸ್ತಕ ಕಲಿಸೋಲ್ಲ. ಮೊಣಕೈ ಎಲ್ಲಿರಬೇಕು, ಭಾರ ಎಲ್ಲಿ ಬಿಡಬೇಕು ಅಂತ ಕೈ ಹಿಡಿದು ತಿದ್ದುವವರು ಬೇಕು. ಜೆ.ಓ.ಸಿ. ಸೊರಗಿದ್ದು ಈ ಕೊರತೆಯಿಂದಲೇ.

ಅಂಗಡಿಯವರ ಪಾಲು

ತುಮಕೂರಿಗೆ ಕುಶಲ ಕೈಗಳು ಬೇಕಿಲ್ಲವೆ? 1978ರಲ್ಲಿ ಶುರುವಾದ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು. ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡಬಲ್ಲ ಕೈಗಳನ್ನು ಆ ಫ್ಯಾಕ್ಟರಿ ಈ ಊರಿನಲ್ಲಿ ತಯಾರು ಮಾಡಿತ್ತು. ಅತ್ತ ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. ವಸಂತನರಸಾಪುರದಲ್ಲಿ ಕೈಗಾರಿಕೆಗಳ ಸಾಲೇ ಇದೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಗೇಟಿನ ಮುಂದೆ ವಾಚ್‌ಮನ್ ಆಗೋದೋ, ಒಳಗೆ ಫಿಟ್ಟರ್ ಆಗೋದೋ ಅನ್ನೋದು ಜಿಲ್ಲೆಯ ಮಕ್ಕಳ ಮುಂದಿರುವ ಪ್ರಶ್ನೆ.

ದೊಡ್ಡ ಕಾರ್ಖಾನೆ ಎಲ್ಲರಿಗೂ ಕೆಲಸ ಕೊಡೋದಿಲ್ಲ. ಹೆಚ್ಚಿನವರು ಕಡೆಗೆ ಬಂದು ಸೇರೋದು ಊರಿನ ಗರಾಜು, ಟೈಲರಿಂಗ್ ಅಂಗಡಿ, ಮೋಟರ್ ವೈಂಡಿಂಗ್ ಶಾಪಿಗೆ. ಆದರೆ ಅಂಗಡಿಯವರಿಗೆ ಒಂದು ಭಯ. ‘ಹುಡುಗರನ್ನ ಇಟ್ಕೊಂಡ್ರೆ ಲೇಬರ್ ಇನ್‌ಸ್ಪೆಕ್ಟ್ರು ಕೇಸ್ ಹಾಕ್ತಾರೆ’ ಅಂತ. ಭಯಕ್ಕೆ ಕಾರಣವೂ ಇದೆ. 2016ರ ತಿದ್ದುಪಡಿಯ ಪ್ರಕಾರ 14 ತುಂಬದವರನ್ನು ಯಾವ ಕೆಲಸಕ್ಕೂ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆ ಕಾಯ್ದೆ ಇರಲೇಬೇಕಾದದ್ದು. ಚಿಕ್ಕ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟು ಟೀ ತರಿಸುವುದು ತರಬೇತಿ ಅಲ್ಲ. ಅದಕ್ಕಾಗಿಯೇ ಶಾಲೆಯ ಕಣ್ಗಾವಲಿನ ಕೇಂದ್ರ ಬೇಕಾಗಿರೋದು. ಅಲ್ಲಿ ಕಲಿತು ಬಂದವನನ್ನು 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕ್ರಮವಾಗಿ ಸೇರಿಸಿಕೊಳ್ಳಬಹುದು. ಮೂವತ್ತಕ್ಕೆ ಮೇಲ್ಪಟ್ಟು ಜನರಿರುವ ಕಡೆ ಅಪ್ರೆಂಟಿಸ್ ಇಟ್ಟುಕೊಳ್ಳೋದು ಕಡ್ಡಾಯ. ನಾಲ್ಕು ಜನರಿರುವ ಸಣ್ಣ ಶಾಪಿನವರೂ ಮನಸ್ಸಿದ್ದರೆ ಇಟ್ಟುಕೊಳ್ಳಬಹುದು ಎಂದು 2019ರಲ್ಲಿ ನಿಯಮ ಸಡಿಲವಾಯಿತು.

ಅದಕ್ಕೂ ಮೊದಲು ಅಂಗಡಿಯವರು ಮಾಡಬಹುದಾದ ಸಹಾಯವೊಂದಿದೆ. ಈ ಯೋಜನೆಯಲ್ಲಿ ಹೊರಗಿನ ಅನುಭವಸ್ಥರನ್ನು ಕರೆದು ಪಾಠ ಹೇಳಿಸಲು ಅವಕಾಶವಿದೆ. ಮೂವತ್ತು ವರ್ಷ ಇಂಜಿನ್ ಬಿಚ್ಚಿದ ಮೇಸ್ತ್ರಿ ತಿಂಗಳಿಗೊಂದು ದಿನ ಹೋಗಿ ಶಬ್ದ ಕೇಳಿಯೇ ರೋಗ ಹೇಳೋದು ಹೇಗೆಂದು ತೋರಿಸಿದರೆ ಮಕ್ಕಳು ಬಿಟ್ಟ ಬಾಯಿ ಮುಚ್ಚೋಲ್ಲ. ಒಳ್ಳೆ ಹುಡುಗ ಯಾರೆಂದು ಮೇಸ್ತ್ರಿಗೂ ಅಲ್ಲೇ ಗೊತ್ತಾಗುತ್ತೆ.

‘ನನ್ನ ಮಗ ಮೆಕ್ಯಾನಿಕ್ ಆಗಬೇಕಾ?’ ಎಂದು ಮೂಗು ಮುರಿಯುವ ತಂದೆತಾಯಿಗಳಿಗೂ ಒಂದು ಮಾತು. ಈ ವಿಷಯ ಕಲಿತವನಿಗೆ ಪಿ.ಯು.ಸಿ. ಬಾಗಿಲು ಮುಚ್ಚೋದಿಲ್ಲ, ಡಿಪ್ಲೊಮಾ ಬಾಗಿಲೂ ಮುಚ್ಚೋದಿಲ್ಲ. ಓದು ಕೈಹಿಡಿದರೆ ಓದಲಿ, ಹಿಡಿಯದಿದ್ದರೆ ಕಸುಬು ಹಿಡಿಯುತ್ತೆ. ಬೆಳಗಿನ ಜಾವ ಎದ್ದು ಪೀಣ್ಯಕ್ಕೆ ಹೋಗಿ ರಾತ್ರಿ ವಾಪಸು ಬರುವ ನೂರಾರು ಜನ ಈ ಊರಲ್ಲಿದ್ದಾರೆ. ಕಸುಬು ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ತಿಂಗಳ ಕೊನೆಗೆ ಏನು ವ್ಯತ್ಯಾಸ ಅಂತ ಅವರನ್ನು ಕೇಳಿದರೆ ಸಾಕು.

ಬೇಕಾಗಿರೋದು ಮೂರೇ. ಪಾಸಿನ ಮೇಲೆ ಇನ್ನೊಂದು ಊರಿನ ಹೆಸರು, ಐ.ಟಿ.ಐ. ಬಾಗಿಲಿನ ಬೀಗದ ಕೈ, ಮೇಷ್ಟ್ರಿಗೆ ವರ್ಷಪೂರ್ತಿ ಸಂಬಳ. ಜಿಲ್ಲಾ ಪಂಚಾಯಿತಿಯವರು, ಡಿ.ಡಿ.ಪಿ.ಐ.ಯವರು, ಸಾರಿಗೆ ಅಧಿಕಾರಿಗಳು ಬರುವ ಜೂನ್‌ಗೆ ಮುಂಚೆ ಒಂದೇ ಮೇಜಿನ ಸುತ್ತ ಕೂರುವರೇ?