ಬಾಡಿಗೆ ತರುವ ಮನೆಯೋ, ಬೆಲೆ ಏರುವ ಮನೆಯೋ?

ಬೆಂಗಳೂರಿನಲ್ಲಿ ಎರಡನೆಯ ಮನೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಆಸೆಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ಬಾಡಿಗೆಯಿಂದಲೇ ಸಾಲದ ಕಂತು ತೀರಬೇಕು, ಹತ್ತು ವರ್ಷಗಳಲ್ಲಿ ಬೆಲೆಯೂ ದುಪ್ಪಟ್ಟಾಗಬೇಕು. ಮೊದಲನೆಯ ಆಸೆ ಈ ನಗರದಲ್ಲಿ ಕೈಗೂಡುವುದು ಬಲು ಅಪರೂಪ. ಎರಡನೆಯದು ಕೈಗೂಡಬಹುದು, ಆದರೆ ಅದಕ್ಕೆ ಖಾತರಿಯಿಲ್ಲ.

ಒಂದು ಲೆಕ್ಕವನ್ನು ಗಮನಿಸಬಹುದು. 80 ಲಕ್ಷ ರೂ. ಬೆಲೆಯ ಫ್ಲ್ಯಾಟಿಗೆ ತಿಂಗಳಿಗೆ 22 ಸಾವಿರ ರೂ. ಬಾಡಿಗೆ ಬಂದರೆ ವರ್ಷಕ್ಕೆ 2.64 ಲಕ್ಷ ರೂ., ಅಂದರೆ ಬೆಲೆಯ ಶೇ. 3.3. ಮನೆ ಒಂದು ತಿಂಗಳು ಖಾಲಿ ಉಳಿದು, ಆಸ್ತಿ ತೆರಿಗೆ, ಸುಣ್ಣಬಣ್ಣ, ರಿಪೇರಿಗಳಿಗೆ 30 ಸಾವಿರ ರೂ. ವೆಚ್ಚವಾದರೆ ಮಾಲೀಕನ ಕೈಗೆ ದಕ್ಕುವುದು ಸುಮಾರು 2.12 ಲಕ್ಷ ರೂ. ಮಾತ್ರ. ಇದೇ ಮನೆಗೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ 60 ಲಕ್ಷ ರೂ. ಸಾಲ ಪಡೆದಿದ್ದರೆ ಮಾಸಿಕ ಕಂತು ಸುಮಾರು 52 ಸಾವಿರ ರೂ. ತಿಂಗಳಿಗೆ 34 ಸಾವಿರ ರೂ.ಗೂ ಹೆಚ್ಚಿನ ಕೊರತೆಯನ್ನು ಸಂಬಳದಿಂದ ತುಂಬಬೇಕು.

ಈ ಕೊರತೆಯೆಲ್ಲವೂ ನಷ್ಟವೆನ್ನಲಾಗದು. ಕಂತಿನ ಒಂದು ಭಾಗ ಅಸಲಿಗೆ ಸಲ್ಲುತ್ತದೆ. ಆದರೆ ಮೊದಲ ವರ್ಷ ಅಸಲಿಗೆ ಹೋಗುವುದು ಸುಮಾರು 1.2 ಲಕ್ಷ ರೂ. ಮಾತ್ರ, ಬಡ್ಡಿಗೆ 5 ಲಕ್ಷ ರೂ.ಗೂ ಹೆಚ್ಚು. ಕೈಯಿಂದ ಹಾಕಿದ 20 ಲಕ್ಷ ರೂ. ಠೇವಣಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಸೇರಿಸಿದರೆ, ಮನೆಯ ಬೆಲೆ ವರ್ಷಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿದರಷ್ಟೇ ಅಸಲು ಉಳಿದಂತೆ. ಶೇ. 5ರ ಮುದ್ರಾಂಕ ಶುಲ್ಕ ಮತ್ತು 2025ರ ಆಗಸ್ಟ್ ಅಂತ್ಯದಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕ ಇದರ ಮೇಲೆ ಬೇರೆ.

ಬೆಲೆ ಏರುವುದು ಮುಖ್ಯವಾಗಿ ನೆಲಕ್ಕೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. ಬಹುಮಹಡಿ ಸಮುಚ್ಚಯದ ಫ್ಲ್ಯಾಟಿನಲ್ಲಿ ಮಾಲೀಕನಿಗೆ ಸಿಗುವ ನೆಲದ ಅವಿಭಜಿತ ಪಾಲು ಅತ್ಯಲ್ಪ. ಮೂವತ್ತು-ನಲವತ್ತರ ನಿವೇಶನದಲ್ಲಿ ತಾವು ಕೆಳಗಿದ್ದು, ಮೇಲೆ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಹಿಂದಿನ ತಲೆಮಾರಿನವರಿಗೆ ನೆಲವೂ ಬಾಡಿಗೆಯೂ ಒಟ್ಟಿಗೆ ದಕ್ಕಿದ್ದು ಹೀಗೆ. ಖಾಲಿ ನಿವೇಶನವಾದರೋ ಬಿಡಿಗಾಸಿನ ಬಾಡಿಗೆ ತಾರದು. ಒತ್ತುವರಿಯಾಗದಂತೆ ಕಾಯುವ ಕೆಲಸವೂ ಮಾಲೀಕನದೇ.

ಆದ್ದರಿಂದ ಕೊಳ್ಳುವವರ ವಯಸ್ಸು ಇಲ್ಲಿ ಮುಖ್ಯ. ಮೂವತ್ತರ ಉದ್ಯೋಗಿ ಕೊರತೆಯನ್ನು ಭರಿಸುತ್ತ ಬೆಲೆಯೇರಿಕೆಗೆ ಕಾಯಬಲ್ಲ, ಅದೂ ಕೆಲಸ ಉಳಿದಿದ್ದರೆ. ನಿವೃತ್ತಿಯ ಹಣವನ್ನೆಲ್ಲ ಒಂದೇ ಫ್ಲ್ಯಾಟಿಗೆ ಸುರಿದವರಿಗೆ ಮಾತ್ರೆಯ ಖರ್ಚು ಬಾಡಿಗೆಯಿಂದಲೇ ಬರಬೇಕು. ಅಡುಗೆಮನೆಯನ್ನಷ್ಟೇ ಮಾರಿ ಆಸ್ಪತ್ರೆಯ ಬಿಲ್ ಕಟ್ಟಲಾಗದು. 2020ರಲ್ಲಿ ಕೊರೊನಾ ಕಾಲಕ್ಕೆ ತಂತ್ರಜ್ಞಾನ ಉದ್ಯೋಗಿಗಳು ಊರಿಗೆ ಮರಳಿದಾಗ ನಗರದ ಅನೇಕ ಮನೆಗಳು ಖಾಲಿಯಾದವು. 2022ರ ನಂತರ ಬಾಡಿಗೆ ಗಗನಕ್ಕೇರಿತು. ಆ ನಡುವಣ ತಿಂಗಳುಗಳನ್ನು ದಾಟಲು ಕೈಯಲ್ಲಿ ಹಣವಿದ್ದವರಿಗೆ ಮಾತ್ರ ಏರಿಕೆಯ ಫಲ ದಕ್ಕಿತು.

ಭೋಗ್ಯಕ್ಕೆ ಕೊಟ್ಟರೆ ಒಂದೇ ಬಾರಿಗೆ ದೊಡ್ಡ ಮೊತ್ತ ಕೈಸೇರುತ್ತದೆ, ಬಾಡಿಗೆಯಿಲ್ಲ. ಆದರೆ ಅದು ಆದಾಯವಲ್ಲ, ಸಾಲ. ಆ ಹಣವನ್ನು ಮಗಳ ಮದುವೆಗೆ ಬಳಸಿದವರು ಅವಧಿ ಮುಗಿದಾಗ ಹಿಂದಿರುಗಿಸಲು ಹೊಸ ಭೋಗ್ಯದಾರನನ್ನೇ ಹುಡುಕಬೇಕಾಗುತ್ತದೆ.