ತ್ರಿಸ್ತಾನ್ ಬರ್ನಾರ್: ಪಂದ್ಯದ ಅಂಗಳದಿಂದ ರಂಗಭೂಮಿಗೆ

ನಾಟಕಕಾರನೊಬ್ಬನ ಪತ್ರಿಕಾ ಬರವಣಿಗೆಯನ್ನು ಹೊಟ್ಟೆಪಾಡಿನ ಕೆಲಸವೆಂದು ಸಾಹಿತ್ಯ ಚರಿತ್ರೆಗಳು ಬದಿಗಿಡುವುದುಂಟು. ಫ್ರೆಂಚ್ ಪ್ರಹಸನಕಾರ ತ್ರಿಸ್ತಾನ್ ಬರ್ನಾರ್‌ನ ವಿಷಯದಲ್ಲಿ ಹಾಗೆ ಮಾಡಿದರೆ ಅವನ ಹಾಸ್ಯದ ಮೂಲವೊಂದು ಕಣ್ಮರೆಯಾಗುತ್ತದೆ.

1866ರಲ್ಲಿ ಬೆಸಾನ್ಸೋಂ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಈತನ ನಿಜನಾಮ ಪಾಲ್. ‘ತ್ರಿಸ್ತಾನ್’ ಎಂಬುದು ಅವನು ಪಣವೊಡ್ಡಿ ಗೆದ್ದ ಪಂದ್ಯದ ಕುದುರೆಯ ಹೆಸರೆಂದು ಪ್ರತೀತಿ. ಕಾನೂನು ವ್ಯಾಸಂಗ ಮಾಡಿದ್ದ ಬರ್ನಾರ್ 1890ರ ದಶಕದಲ್ಲಿ ಸೈಕಲ್ ಸವಾರರ ಪತ್ರಿಕೆಯೊಂದರ ಸಂಪಾದಕನಾದನು. ಪ್ಯಾರಿಸ್ಸಿನ ಅಂಚಿನಲ್ಲಿದ್ದ ಬಫೆಲೊ ಸೈಕಲ್ ಪಂದ್ಯಾಂಗಣದ ನಿರ್ದೇಶಕನೂ ಆದನು. ಕೊನೆಯ ಸುತ್ತನ್ನು ಗಂಟೆ ಬಾರಿಸಿ ಸಾರುವ ಪದ್ಧತಿಗೆ ಅವನೇ ಕಾರಣನೆಂದು ಹೇಳಲಾಗುತ್ತದೆ. ಚಿತ್ರಕಾರ ತುಲೂಸ್-ಲೋತ್ರೆಕ್ 1895ರಲ್ಲಿ ಅವನನ್ನು ಚಿತ್ರಿಸಿದ್ದು ಇದೇ ಅಂಗಣದ ಹಿನ್ನೆಲೆಯಲ್ಲಿ.

ಪಂದ್ಯವೆಂದರೆ ನಿಯಮಕ್ಕೆ ಒಳಪಟ್ಟ ಮನುಷ್ಯನ ಪ್ರದರ್ಶನ. ಸುತ್ತಿನಿಂದ ಹೊರಬರುವಂತಿಲ್ಲ, ಸುಮ್ಮನೆ ನಿಲ್ಲುವಂತೆಯೂ ಇಲ್ಲ. ಬರ್ನಾರ್‌ನ ಪ್ರಹಸನಗಳ ಸನ್ನಿವೇಶವೂ ಬಹುಮಟ್ಟಿಗೆ ಇದೇ. ‘ಜನರಾಡುವಂಥ ಇಂಗ್ಲಿಷ್’ ಎಂಬರ್ಥದ ಹೆಸರುಳ್ಳ 1899ರ ಏಕಾಂಕದಲ್ಲಿ ಇಂಗ್ಲಿಷ್ ಬಾರದವನೊಬ್ಬ ಹೋಟೆಲಿನಲ್ಲಿ ದುಭಾಷಿಯಾಗುತ್ತಾನೆ. ಮಗಳನ್ನು ಅರಸಿ ಬಂದ ಆಂಗ್ಲ ತಂದೆಯ ಮಾತಿಗೆ ಅವನು ಬಾಯಿಗೆ ಬಂದ ಅರ್ಥ ಹೇಳಬೇಕಾಗುತ್ತದೆ. 1911ರ ‘ಪುಟ್ಟ ಕಾಫಿಗೃಹ’ದ ಪರಿಚಾರಕನಿಗೆ ಹಠಾತ್ತನೆ ಸಂಪತ್ತು ಒದಗುತ್ತದೆ, ಆದರೆ ಮಾಲೀಕನೊಡನೆ ಮಾಡಿಕೊಂಡ ದೀರ್ಘಾವಧಿಯ ಕರಾರು ಅವನನ್ನು ಬಿಡುವುದಿಲ್ಲ. ಆದ್ದರಿಂದ ಹಗಲು ಬಡಿಸುತ್ತಾನೆ, ರಾತ್ರಿ ಶ್ರೀಮಂತನಾಗಿ ಮೆರೆಯುತ್ತಾನೆ. ಇಲ್ಲಿ ನಗುವಿಗೆ ಕಾರಣ ಪಾತ್ರದ ಮೂರ್ಖತನವಲ್ಲ. ನಿಯಮದೊಳಗೇ ಉಪಾಯ ಹುಡುಕುವ ಅದರ ಪರದಾಟ.

ಬರ್ನಾರ್‌ನ ಕೊನೆಯ ವರ್ಷಗಳಲ್ಲಿ ಎದುರಾದ ನಿಯಮದೊಳಗೆ ಉಪಾಯಕ್ಕೆ ಎಡೆಯಿರಲಿಲ್ಲ. 1943ರಲ್ಲಿ, ಎಪ್ಪತ್ತು ದಾಟಿದ್ದ ಅವನನ್ನು ಯಹೂದಿಯೆಂಬ ಕಾರಣಕ್ಕೆ ಬಂಧಿಸಿ ದ್ರಾನ್ಸಿ ಶಿಬಿರಕ್ಕೆ ಒಯ್ಯಲಾಯಿತು. ಇದುವರೆಗೆ ಭಯದಲ್ಲಿದ್ದೆವು, ಇನ್ನು ಭರವಸೆಯಲ್ಲಿರೋಣ ಎಂದು ಆಗ ಪತ್ನಿಗೆ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ನಾಟಕಕಾರ ಸಾಶಾ ಗಿತ್ರಿ ಮತ್ತು ನಟಿ ಆರ್ಲೆತ್ತಿ ಮಧ್ಯಪ್ರವೇಶಿಸಿದ್ದರಿಂದ ಅವನಿಗೆ ಬಿಡುಗಡೆ ದೊರೆಯಿತು. ಮೊಮ್ಮಗನೊಬ್ಬ ಮಾತ್ರ ಮೌತ್‌ಹೌಸೆನ್ ಶಿಬಿರದಲ್ಲಿ ಮಡಿದನು. ಬರ್ನಾರ್ ಪ್ಯಾರಿಸ್ಸಿನಲ್ಲಿ ನಿಧನನಾದದ್ದು 1947ರಲ್ಲಿ.

ಅವನ ಪ್ರಹಸನಗಳನ್ನು ಹಗುರವೆಂದು ತಳ್ಳಿಹಾಕುವ ಮುನ್ನ ಈ ಬದುಕನ್ನು ಅವುಗಳ ಜೊತೆಗಿಟ್ಟು ಓದಬೇಕು. ಸಿಕ್ಕಿಬಿದ್ದವನ ಪರದಾಟ ನಗೆಯಾಗಬೇಕಾದರೆ ನಿಯಮವು ಆಟದ್ದಾಗಿರಬೇಕು ಎಂಬುದು ಆಗ ಸ್ಪಷ್ಟವಾಗುತ್ತದೆ.