ಋಣ ತೀರಿಸುವ ಬಗೆ

ಧಾರವಾಡವು ಇಂದು ವಿದ್ಯಾಕೇಂದ್ರವೆಂದು ಹೆಸರಾಗಿದೆ. ಆದರೆ 1880ರ ಸುಮಾರಿಗೆ ಅಲ್ಲಿ ಒಂದು ಕಾಲೇಜೂ ಇರಲಿಲ್ಲ. ಮೆಟ್ರಿಕ್ ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಒಕ್ಕಲುತನದ ಮನೆಯವನಿಗೆ ಕಾಲೇಜಿನ ಶುಲ್ಕಕ್ಕಿಂತ ಪರಸ್ಥಳದ ಊಟ-ವಸತಿಯ ವೆಚ್ಚವೇ ಹೆಚ್ಚು ಭಾರವಾಗುತ್ತಿತ್ತು. ಬುದ್ಧಿಯಿದ್ದೂ ಹೊಲಕ್ಕೆ ಮರಳಿದವರು ಎಷ್ಟೋ ಮಂದಿ.

ಈ ಕೊರತೆಯನ್ನು ಕಂಡವರು, ಆಗಲೇ ಕಲಿತು ಮುಂದೆ ಬಂದಿದ್ದ ಕೆಲವರು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ವಂತಿಗೆ ಕೂಡಿಸಿ ಬಡ ವಿದ್ಯಾರ್ಥಿಗಳಿಗೆ ನೆರವಾಗುವುದು ಅದರ ಮುಖ್ಯ ಕಾರ್ಯಗಳಲ್ಲಿ ಒಂದು. ಒಂದೇ ಸಮಾಜಕ್ಕೆ ಮೀಸಲಾದ ನಿಧಿ ಇಂದಿನವರಿಗೆ ಸಂಕುಚಿತವೆಂದು ತೋರಬಹುದು. ಆ ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಇದೇ ಅರಟಾಳರು ರೊದ್ದ ಶ್ರೀನಿವಾಸರಾಯರೊಡನೆ ಸೇರಿ, ಎಲ್ಲರಿಗೂ ತೆರೆದ ಕರ್ನಾಟಕ ಕಾಲೇಜಿಗಾಗಿ ಶ್ರಮಿಸಿದರೆಂಬುದನ್ನು ಮರೆಯಲಾಗದು. ಆ ಕಾಲೇಜು 1917ರಲ್ಲಿ ಆರಂಭವಾಯಿತು.

ಅದಕ್ಕೆ ಒಂದು ವರ್ಷ ಮೊದಲು, 1916ರ ನವೆಂಬರ 13ರಂದು, ಬೆಳಗಾವಿಯಲ್ಲಿ ಏಳು ಜನ ಒಂದು ಪ್ರೌಢಶಾಲೆಯನ್ನು ತೆರೆದರು. ಅದಕ್ಕೆ ತಮ್ಮ ಹೆಸರನ್ನಲ್ಲ, ಗಿಲಗಂಚಿ-ಅರಟಾಳರ ಹೆಸರನ್ನಿಟ್ಟರು. ಮುಂದೆ ಕೆ.ಎಲ್.ಇ. ಸಂಸ್ಥೆಯಾಗಿ ಬೆಳೆದ ಕಾರ್ಯದ ಮೊದಲ ಹೆಜ್ಜೆ ಅದು. ಅದೇ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಶಿರಸಂಗಿಯ ಲಿಂಗರಾಜ ದೇಸಾಯರ ಹೆಸರು ಬಂದಿತು. 1906ರಲ್ಲಿ ತೀರಿಕೊಂಡ ಈ ದೇಸಾಯರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗೆ ಬಿಟ್ಟುಹೋಗಿದ್ದರು.

ಎಲ್ಲರೂ ದೇಸಾಯರಲ್ಲ. ತಿಂಗಳ ಸಂಬಳದಲ್ಲಿ ಬಾಳುವ ಹಳೆಯ ವಿದ್ಯಾರ್ಥಿಗಳು ಹತ್ತಾರು ಜನ ಕೂಡಿದಾಗಲೇ ದತ್ತಿನಿಧಿಯೊಂದು ನಿಲ್ಲುತ್ತದೆ. ಅದರ ಕ್ರಮ ಸರಳ: ಅಸಲನ್ನು ಮುಟ್ಟದೆ, ಬಂದ ಬಡ್ಡಿಯಿಂದ ವಿದ್ಯಾರ್ಥಿವೇತನ ಕೊಡುವುದು. ಶೇಕಡಾ 6ರ ಬಡ್ಡಿಯಾದರೆ ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಕೇಳಲು ಇದು ಭದ್ರವೆನಿಸುತ್ತದೆ. ಆದರೆ ಅಸಲು ಇದ್ದಷ್ಟೇ ಇರುತ್ತದೆ, ಶುಲ್ಕವೂ ಊಟದ ಬೆಲೆಯೂ ಏರುತ್ತ ಹೋಗುತ್ತವೆ. ಒಂದು ಕಾಲಕ್ಕೆ ವರ್ಷದ ಓದನ್ನೇ ನಡೆಸಿದ ನೂರು ರೂಪಾಯಿಯ ದತ್ತಿ ಇಂದು ಒಂದು ಪುಸ್ತಕಕ್ಕೂ ಸಾಲದು. ಆದುದರಿಂದ ವಿವೇಕಿಗಳು ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಾರೆ. ಪ್ರತಿ ವರ್ಷ ಹೊರಬೀಳುವ ತಂಡದಿಂದಲೂ ಹೊಸ ವಂತಿಗೆ ಬೇಡುತ್ತಾರೆ.

ಬೇಡುವುದೇ ಕಷ್ಟದ ಕೆಲಸ. ಹಳೆಯ ಹಾಜರಿ ಪುಸ್ತಕ ತೆಗೆದು ಹೆಸರು ಹುಡುಕಬೇಕು, ವಿಳಾಸ ಬದಲಾದವರನ್ನು ಗೆಳೆಯರ ಮೂಲಕ ಪತ್ತೆಹಚ್ಚಬೇಕು, ಕೊಡುವೆನೆಂದು ಮರೆತವರಿಗೆ ಬೇಸರಿಸದೆ ನೆನಪು ಮಾಡಿಕೊಡಬೇಕು. ಇದಕ್ಕೆ ಸಂಬಳವಿಲ್ಲ.

ಅದಕ್ಕಿಂತಲೂ ನಾಜೂಕಾದ ಕೆಲಸವೊಂದಿದೆ. ನಿಜವಾಗಿ ಅಗತ್ಯವಿರುವ ವಿದ್ಯಾರ್ಥಿಯು ಹಲವು ಸಲ ಅರ್ಜಿಯನ್ನೇ ಹಾಕುವುದಿಲ್ಲ. ಬಡತನವನ್ನು ಕಾಗದದ ಮೇಲೆ ಬರೆದುಕೊಡಲು ನಾಚುತ್ತಾನೆ. ಒಂದು ಹೊತ್ತಿನ ಊಟ ಬಿಟ್ಟು ಶುಲ್ಕ ಕಟ್ಟುವ ಅಂಥವನನ್ನು ಕಚೇರಿಯ ಗುಮಾಸ್ತನು ಗುರುತಿಸಲಾರನು. ತಾನೂ ಒಮ್ಮೆ ಹಾಗೆಯೇ ಓದಿದ ಹಳೆಯ ವಿದ್ಯಾರ್ಥಿಯೊಬ್ಬನು ವಸತಿಗೃಹಕ್ಕೆ ಬಂದು, ಹುಡುಗರೊಡನೆ ಪಂಕ್ತಿಯಲ್ಲಿ ಕುಳಿತು ಉಂಡರೆ, ಆ ಸಂಜೆಗೆ ಬಾರದ ಹುಡುಗನು ಯಾರೆಂಬುದು ಅವನಿಗೆ ತಿಳಿಯುತ್ತದೆ.